ಆರನೇ ಸಾಲಿನ ಶಬ್ದ

ಗದಗ ಕೋರ್ಟಿನ ಭಾಷಾಂತರ ಕೋಣೆಯಲ್ಲಿ
ಫ್ಯಾನು ಒಂದೇ, ಅದೂ ಕಡತಗಳ ಕಡೆಗೆ.
ಆರನೇ ಸಾಲಿಗೆ ಬಂದು ನಿಂತಿದ್ದೇನೆ:
ಅವೌಡ್ ಡಾಟರ್.
ಮಗಳೆಂದರೆ ಮಗಳು, ಅದಕ್ಕೇನು.
ಅದರ ಹಿಂದಿನ ಅವೌಡ್‌ಗೆ ಏನು ಬರೆಯಲಿ?
ಘೋಷಿತ ಎಂದರೆ ಪಕ್ಷದ ಉಮೇದುವಾರ.
ಬಹಿರಂಗ ಎಂದರೆ ಹರಾಜು.

ನಿಘಂಟಿನ ರಟ್ಟು ಕಿತ್ತಿದೆ, ಬೇರು ಉಳಿದಿದೆ:
ಲ್ಯಾಟಿನ್ನಿನಲ್ಲಿ, ಹತ್ತಿರಕ್ಕೆ ಕರೆ.
ಅಷ್ಟೇ. ಫ್ರೆಂಚರ ಬಾಯಿಗೆ ಬಿದ್ದು
'ಇವನೇ ನನ್ನ ಒಡೆಯ' ಎಂದು ಒಪ್ಪುವ ಮಾತಾಯಿತು,
ಆಮೇಲೆ ಕಡಲು ದಾಟಿತು.
ಹೊರಗೆ ಬೇವಿನ ನೆರಳಲ್ಲಿ ಚಹಾ ಹೀರುವ
ಅಡ್ವೊಕೇಟರೂ ಅದೇ ಬೇರಿನ ಚಿಗುರಂತೆ.
ಹೋಗಿ ಹೇಳಿದರೆ ಫೀ ಕೇಳಿಯಾರು.

ನಮ್ಮಲ್ಲೂ ಒಂದಿದೆಯಲ್ಲ, ಸಾರು.
ಹಳಬರಿಗೆ ಹತ್ತಿರ ಹೋಗುವುದು,
ಡಂಗುರದವನಿಗೆ ಕೂಗಿ ಹೇಳುವುದು.
ಮೂರನೆಯದು ನನ್ನ ಡಬ್ಬಿಯಲ್ಲಿ ಆರುತ್ತಿದೆ.

ಬಾಗಿಲಲ್ಲಿ ಗಿರಿಜವ್ವ ಅಸುಂಡಿ, ವಾದಿ.
"ಏನ್ ಬರದಾರ್ರಿ ನನ್ನ ಬಗ್ಗೆ?"
"ಎಲ್ಲಾರ ಮುಂದ ಒಪ್ಪಿಕೊಂಡ ಮಗಳು ಅಂತ."
ಸೆರಗಿನ ತುದಿ ಬೆರಳಿಗೆ ಸುತ್ತಿದಳು.
"ಪ್ರೆಸ್ಸಿನ್ಯಾಗ ಮೊಳಿ ಜೋಡಸ್ತಿದ್ರು.
ಊರಾನ ಲಗ್ನಪತ್ರಿಕಿ ಎಲ್ಲಾ ಅವರ ಕೈಯಾಗಿಂದ.
ನನ್ನ ಹೆಸರು ಒಂದ್ ಸಲನೂ ಜೋಡಸಲಿಲ್ಲ.
ಆದ್ರ ಸಾಲಿ ಬಿಟ್ಟಾಗ ಗೇಟಿಗೆ ಬಂದು,
ಒಂದ್ ಕಾಲು ಪೆಡಲಿನ ಮ್ಯಾಲ, ಒಂದು ನೆಲಕ್ಕ,
ಮಸಿ ಹತ್ತಿದ ಕೈ ಎತ್ತಿ
'ಏ ನನ ಮಗಳ, ಬಾರವಾ ಇಲ್ಲೆ' ಅಂತಿದ್ರು.
ಮಾಸ್ತರು ಕೇಳ್ಯಾರ, ಚುರಮುರಿಯಾಂವ ಕೇಳ್ಯಾನ.
ಅದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ?"

ಅದಕ್ಕ, ಅವ್ವಾ, ಇದನ್ನ ಅಂತಾರ.

ಆಕೆ ಹೋದಮೇಲೂ ಆ ಕೂಗು ಹೋಗಲಿಲ್ಲ.
ಬಸ್‌ ಸ್ಟ್ಯಾಂಡಿನ ಎದುರು, ತೇಪೆಯ ಕೊಡೆಯ ಕೆಳಗಿಂದ,
ತುಟಿಯಲ್ಲಿ ಮೇಣ ಹಚ್ಚಿದ ದಾರ ಕಚ್ಚಿಕೊಂಡೇ
'ದುರಗ್ಯಾ' ಎಂದು ಅಪ್ಪ ಕರೆದಿದ್ದ.
ಕಾಲೇಜಿನ ಗೆಳೆಯರು ಜೊತೆಗಿದ್ದರು.
ಹುಬ್ಬಳ್ಳಿ ಬಸ್ಸಿನ ಬೋರ್ಡು ಓದುತ್ತ ನಿಂತೆ,
ಎರಡು ಸಲ ಓದಿದೆ.

ಹನ್ನೊಂದು ವರ್ಷದಿಂದ ನನ್ನ ಸಹಿ ಡಿ. ಎಸ್.
"ದೇಸಾಯರಾ?" ಎಂದು ಶಿರಸ್ತೇದಾರರು ಕೇಳಿದ ದಿನ
ನಕ್ಕಿದ್ದೆ.
ನಗು ಉತ್ತರವಲ್ಲ,
ಅವರು ಉತ್ತರವೆಂದೇ ಬರೆದುಕೊಂಡರು.

ಐದೂವರೆ. ಕನ್ನಡ ಪ್ರತಿ ತಯಾರು.
ಆರನೇ ಸಾಲು: ಎಲ್ಲರೆದುರು ಕರೆದು ಒಪ್ಪಿಕೊಂಡ ಮಗಳು.
ಉದ್ದವಾಯಿತು, ಇರಲಿ.
ಕೆಳಗೆ, ಭಾಷಾಂತರಕಾರ ಎಂಬಲ್ಲಿ,
ಎರಡು ಚುಕ್ಕಿಗೆ ಸಾಲುವಷ್ಟೇ ಜಾಗ.
ದುರಗಪ್ಪ ಹೇಗೋ ಹಿಡಿಸಿತು.
ಸಮಗಾರ ಗೆರೆ ದಾಟಿ
ಮೊಹರಿನ ಜಾಗಕ್ಕೆ ಹೋಯಿತು.

ಶಿರಸ್ತೇದಾರರು ಕನ್ನಡಕ ಸರಿಸಿ ನೋಡಿದರು,
ಮತ್ತೊಮ್ಮೆ ನೋಡಿದರು,
ಅದರ ಮೇಲೆಯೇ ಒತ್ತಿದರು.