ಜೋಡಿ ಹಾಳಿ

ಬೆಟಗೇರಿ ಓಣ್ಯಾಗ ಗಾಡಿ ನಿಲ್ಲಿಸಿ
ಹನ್ನೊಂದು ಪ್ರತಿ ಇಳಿಸಿದ್ರು ಕದಾಂಪುರ ಸರ್,
ಸಕ್ಕರಿ ಚೀಲದಾಗ ಕಟ್ಟಿದ್ದು.
"ಐವತ್ಮೂರನೇ ಪುಟ ಅಷ್ಟ ತಗೀರಿ, ಜೈನಾಬಿ.
ಹರದಂಗ ಕಾಣಬಾರದು. ಮತ್ತ ಹೊಲದು ಕೊಡ್ರಿ."

ಯಾಕಂತ ನಾ ಕೇಳಲಿಲ್ಲ.
ಅವರೂ ಹೇಳಲಿಲ್ಲ. ನಿಂತ ಚಾ ಕುಡದ್ರು.
ಯಾರೋ ನಾಕು ಮಂದಿ ಆಫೀಸಿಗೆ ಬಂದಿದ್ರಂತ,
ಮೊಬೈಲಿನ್ಯಾಗ ಆ ಪುಟದ ಫೋಟೋ ಇತ್ತಂತ.
ಇದು ಮಗಳು ರಮೀಜಾ ತಂದ ಸುದ್ದಿ, ಒಂಬತ್ತನೇತ್ತಾ 'ಬಿ'.

"ಸರ್, ಪುಸ್ತಕ ಅಂದ್ರ ಬಿಡಿ ಹಾಳಿ ಅಲ್ಲ.
ಮಡಿಚಿ ಹೊಲದದ್ದು. ಕಾಗದ ಒಂದ,
ಆ ಕಡೆ ಐವತ್ಮೂರು, ಈ ಕಡೆ ಐವತ್ತೊಂಬತ್ತು,
ನಡುವ ದಾರ. ಒಂದನ್ನ ಕೊಯ್ದ್ರ
ಇನ್ನೊಂದು ತಾನ ಸಡ್ಲಾಗಿ ಉದುರತೈತಿ."

"ಐವತ್ತೊಂಬತ್ತರಾಗ ಏನೈತಿ?"
ಇಬ್ರೂ ಬಗ್ಗಿ ನೋಡಿದ್ವಿ.
ಒಂದು ಎಮ್ಮಿ. ಅದರ ಬೆನ್ನ ಮ್ಯಾಲೆ ಕಾಗಿ.
ಕೆರಿ ದಂಡಿಗೆ ಮುದುಕಿ ಒಬ್ಬಾಕಿ ಹೆಸರಕಾಳು ಕೇರತಾಳ.
"ಇದಕ್ಕ ಯಾರದೂ ತಕರಾರಿಲ್ಲ. ಅಂಟು ಹಚ್ಚಿ ಕೂಡಸ್ರಿ."

ಮೊದಲ ಪುಟದಾಗ ಸಾಲಿ ಸಿಕ್ಕಾ,
ಕೆಳಗ ಹಸಿರು ಶಾಯಿ ಸಹಿ,
ಪುಸ್ತಕ ಆರಿಸಿ ತರಿಸಿದ ವರ್ಷ ಅವರ ಹಾಕಿದ್ದು.
ಅದನ್ನ ನೋಡಿ ಹಗೂರಕ ಮುಚ್ಚಿದ್ರು,
ಮಲಗಿದ ಕೂಸಿಗೆ ಚಾದರ ಎಳದಂಗ.

ರಾತ್ರಿ ಗೋದಿಹಿಟ್ಟು ಕುದಿಸಿದೆ,
ಹುಳ ಹತ್ತಬಾರದಂತ ಮೈಲುತುತ್ತಿ ಚಿಟಿಕಿ ಹಾಕಿದೆ.
ಹುಳ ಓದಲಾರದ ತಿಂತಾವ, ಅವಕ್ಕ ಪಾಪಿಲ್ಲ.
ಬಾಜೂ ಮನ್ಯಾಗ ಮಗ್ಗದ ಸಪ್ಪಳ.
ದಾರ ಬಿಚ್ಚಿದೆ, ಬ್ಲೇಡ್ ಎಳದೆ.
ಒಂಬತ್ತನೇ ಪ್ರತಿಗೆ ಬ್ಲೇಡ್ ಮೊಂಡಾತು,
ಹೊಸಾದು ಹುಡುಕೂ ಮುಂದ ಓದಿದೆ.

ಈಗ ಕತಿ ಹಿಂಗ ನಡೀತೈತಿ.
ಐವತ್ತೆರಡರ ಕೊನೀ ಸಾಲು:
'ಅವಳು ಎಲ್ಲರೆದುರು ಎದ್ದು ನಿಂತು, ನಾನು ಎಂದಳು,'
ಐವತ್ತೈದರ ಮೊದಲ ಸಾಲು:
'ಬಸ್ಸು ಬಂತು. ಎಲ್ಲರೂ ಹತ್ತಿದರು.'

"ಅಮ್ಮಿ, ನಡುವ ಆಕಿ ಏನಂದ್ಳು?" ಅಂದ್ಳು ರಮೀಜಾ.
ಮೇಣದ ದಾರ ಹಲ್ಲಿನ್ಯಾಗ ಕಚ್ಚಿ ಹಿಡದಿದ್ದೆ, ಹೇಳಾಕ ಆಗಲಿಲ್ಲ.
ದಾರ ತೆಗೀಬಹುದಿತ್ತು.

ನಮ್ಮ ಧಂದೇದಾಗ ಕಾಗದ ಒಗ್ಯೂದಿಲ್ಲ.
ಕೊಯ್ದ ಹಾಳಿ ಉದ್ದಕ ಸೀಳಿ ಇಟ್ಕೋತೀವಿ,
ಬ್ಯಾರೆ ಬುಕ್ಕಿನ ಬೆನ್ನಿಗೆ, ಬಟ್ಟಿ ಕೆಳಗ ಆಸರಕ್ಕ.
ಜೂನಿನ್ಯಾಗ ಅದ ಸಾಲೀ ಆರ್ಡರು ಬಂತು,
ಹಾಜರಿ ಬುಕ್ಕು ಎಂಟು.
ಕೈಗೆ ಸಿಕ್ಕ ಚೂರು ಸಿಕ್ಕಂಗ ಹಚ್ಚಿದೆ,
ಬೇಕಂತ ಮಾಡಿದ್ದಲ್ಲ.
ಬೇಕಂತನ ಮಾಡೀದಿ ಅಂತ ನೀವಂದ್ರ
ಅದಕ್ಕೂ ಹೂಂ ಅಂತೀನಿ.

ಮುಂಜಾನಿ ಹೆಸರು ಕೂಗತಾರ.
ಹೊಸಾ ಬುಕ್ಕು, ಬೆನ್ನು ಬಿರಸು,
ತೆರದ್ರ ಕಟ್ ಅಂತೈತಿ.
ರಮೀಜಾ ಎದ್ದು ನಿಂದರತಾಳ.

ಎಮ್ಮಿ ಹಾಳಿ ಮಾತ್ರ ಅಂಟಿಗೆ ನಿಲ್ಲಲಿಲ್ಲ.
ಸರ್ ಮತ್ತ ಬಂದಾರ, ಗಾಡಿ ಚಾಲೂ ಇಟ್ಟ,
ಕೈಯಾಗ ಐವತ್ತೊಂಬತ್ತು.
"ಇದನ್ನ ಹೊಲ್ಯಾಕ ಬರತೈತೇನು?"

"ಯಾವುದಕ್ಕ ಹೊಲೀಲ್ರೀ, ಸರ್?"