ಕೌಂಟು

ನಮ್ಮ ಮನ್ಯಾಗ ಕೌಂಟು ಅಂದ್ರ ನೂಲಿಂದು.
ಅರವತ್ತು, ಎಂಬತ್ತು, ನೂರು,
ಅಂಕಿ ಏರಿದಷ್ಟೂ ಎಳಿ ಸಣ್ಣ,
ಎಳಿ ಸಣ್ಣಾದಷ್ಟೂ ಸೀರಿಗೆ ಬೆಲಿ.
ಹಂಗಾಗಿ, ನಾಕು ವರ್ಷದ ಹಿಂದ
ಹುಬ್ಬಳ್ಳಿ ದವಾಖಾನ್ಯಾಗ ಡಾಕ್ಟರು
"ಕೌಂಟು ಭಾಳ ಏರೇತಿ" ಅಂದಾಗ
ಬೆಟಗೇರಿ ಮಗ್ಗದಾಂವ, ನನ್ನ ಗಂಡ,
ಒಂದು ಗಳಿಗಿ ಮಾರಿ ಅರಳಿಸಿದ್ದ.

ಬಿಳಿ ಕಣ ಅಂತ. ಲಕ್ಷ ದಾಟಿದ್ದು.
ಅವತ್ತಿಂದ ಗುಳಿಗಿ, ದಿನಾ ಒಂದು, ಉಂಡ ಮ್ಯಾಲೆ.
ಕುಂಕುಮ ತಪ್ಪಿರಬೇಕು, ಅದು ತಪ್ಪಿಲ್ಲ.

ಈಗ ಬಿಟ್ಟು ಐದು ತಿಂಗಳು.
ಕೂಸಿಗೆ ಆಗಿಬರಂಗಿಲ್ಲ ಅಂದ್ರು.
ಕಡೀ ಪಟ್ಟಿಯೊಳಗ ಉಳದ ನಾಕು
ಹಿಟ್ಟಿನ ಡಬ್ಬಿ ಹಿಂದ ಅದಾವ,
ಒಗಿಯಾಕ ಕೈ ಬರಲಿಲ್ಲ.

ಬದಲಿಗೆ ಸೂಜಿ, ವಾರಕ್ಕ ಮೂರು.
ತಣ್ಣಗ ಇಡಬೇಕು, ನಮ್ಮಲ್ಲಿ ಫ್ರಿಜ್ ಇಲ್ಲ.
ಬಾಜೂಮನಿ ಮಮತಾಜಬಿ
ಮೊಸರಿನ ಬೋಗೋಣಿ ಸರಿಸಿ ಜಾಗಾ ಮಾಡ್ಯಾಳ.
ಕರೆಂಟು ಹೋದ್ರ ನನಗಿಂತ ಮೊದಲ
ಬರ್ಫ್ ತರಾಕ ಆಕಿ ಓಡತಾಳ.
ಏನಿದು ಅಂತ ಕೇಳಿಲ್ಲ ಇವತ್ತಿನತನಕ.

ಚುಚ್ಚಿದ ರಾತ್ರಿ ಚಳಿ.
ಮೂರು ಕೌದಿ ಹೊದ್ರೂ ಹಲ್ಲು ಕಟಕಟ.
ಅತ್ತಿಗೆ "ರಕ್ತ ಕಡಿಮಿ" ಅಂತ ಹೇಳೇವಿ.
ಪಾಪ, ಉತ್ತತ್ತಿ ನೆನಿಹಾಕಿ
ಬೀಟರೂಟ ಹೆರದು ತಿನಸತಾಳ.
ಕಡಿಮಿ ಅಲ್ಲಬೇ, ಹೆಚ್ಚು,
ಅನ್ನೂದು ನಾಲಿಗಿ ತುದಿಗೆ ಬಂದು
ಉತ್ತತ್ತಿ ಜೋಡಿ ಒಳಗ ಹೋಗತೈತಿ.

ಏಳರಾಗ ಕುಬಸ ಮಾಡಿದ್ರು.
ಮೊಣಕೈತನಕ ಹಸರ ಬಳಿ.
ಮರುದಿನ ಸೋಮವಾರ, ರಕ್ತದ ಪಾಳಿ,
ನರ್ಸ್‌ಬಾಯಿ ನರ ಹುಡುಕತ ಹುಡುಕತ
ಬಳಿ ಮ್ಯಾಲಕ ಸರಿಸಿದ್ಲು. ಟಕ್ ಅಂತು ಒಂದು.
ಒಡೀತು ಅನಬಾರದು,
ಬಳಿ ಹೆಚ್ಚಿತು ಅನಬೇಕು, ಅತ್ತಿ ಕಲಿಸಿದ್ದು.
ತುಣುಕು ಆರಿಸಿ ಸೆರಗಿನಾಗ ಕಟಗೊಂಡೆ.
ಮಧ್ಯಾಹ್ನ ಕಾಗದ ಬಂತು.
ಇಪ್ಪತ್ತೆರಡು ಸಾವಿರ. ಅದೂ ಹೆಚ್ಚೇತಿ.

"ತಡೀಬಹುದು," ಅಂದ್ರು ಡಾಕ್ಟರು,
"ಎಂಟು ದಿನಕ್ಕ ಮತ್ತ ಬರ್ರಿ.
ಹಡದ ಮ್ಯಾಲೆ ಗುಳಿಗಿ ತಿರುಗಿ ಚಾಲೂ.
ಆದ್ರ ಅವತ್ತಿಂದ ಮೊಲಿ ಕುಡಸೂಹಂಗಿಲ್ಲ."
ಕೂಸು ಇನ್ನೂ ಹುಟ್ಟಿಲ್ಲ,
ಹಾಲು ಬಿಡಿಸೂ ಮಾತು ಆಗಿಹೋತು.

ಸಂಜೀ ಗಾಡಿ. ಅಣ್ಣಿಗೇರಿ ಬಂದಾಗ
ಅಂವ ಬಕ್ಕಣದಾಗಿನ ವಹಿ ತಗದ,
ನೂಲಿನ ಲೆಕ್ಕದ್ದು.
ಎಂಬತ್ತರ ಎಳಿ, ಎರಡು ಗಂಟು, ಉದ್ರಿ,
ಅದರ ಕೆಳಗ, ಸಣ್ಣ ಅಕ್ಷರದಾಗ,
ಇಪ್ಪತ್ತೆರಡು ಸಾವಿರ.
ಈಗೀಗ ನೂಲಿನಂಗಡ್ಯಾಗೂ ಅಂವ
ಕೌಂಟು ಅನ್ನೂದಿಲ್ಲ, ನಂಬರ ಅಂತಾನ.

ಒಳಗ ಕೂಸು ಒದೀತು.
ತಡದು ಇನ್ನೊಮ್ಮೆ.
ಅದನ್ನ ನಾ ಬರಸಲಿಲ್ಲ.