ಬೆಸ್ತನ ಪಾತ್ರ

ವಾಲ್ನೂರಿನ ಹೊಳೆಯಲ್ಲಿ ಹಿಡಿದ ಮೀನನ್ನು ಕೊಯ್ಯುವಂತಿಲ್ಲ.
ಗಾಳದಿಂದ ಬಿಡಿಸಿ, ಒದ್ದೆ ಚೀಲದಲ್ಲಿ ತೂಗಿ,
ಪುಸ್ತಕದಲ್ಲಿ ಬರೆದು,
ತಲೆಯನ್ನು ಹರಿವಿಗೆದುರಾಗಿ ಹಿಡಿದು
ಅದು ಉಸಿರು ತಿರುಗಿಸಿಕೊಂಡ ಮೇಲೆ ಬಿಡಬೇಕು.
ಹದಿನೇಳು ವರ್ಷದಿಂದ ನನ್ನ ಸಂಬಳ ಇದಕ್ಕೆ.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಆ ಹಳೇ ನಾಟಕ ಆಡಿಸಿದ್ದರು.
ಉಂಗುರ ಸಿಕ್ಕಿದ ಬೆಸ್ತ ನಾನು:
ಕಾವಲಿನವರಿಂದ ನಾಲ್ಕೇಟು,
ರಾಜನಿಂದ ಒಂದು ಚೀಲ ದುಡ್ಡು,
ಆಮೇಲೆ ಹೊಡೆದವರ ಜೊತೆಗೇ ಹೆಂಡದಂಗಡಿಗೆ.
ಮತ್ತೆ ಬರುವುದಿಲ್ಲ. ‘ನಿನ್ನ ಪಾತ್ರ ಅಷ್ಟೇ’ ಅಂದರು.
ಚೋಂದವ್ವ ಜಿಂಕೆಮರಿ.
ಮಾತಿಲ್ಲ, ನಾಯಕಿಯ ಸೆರಗು ಎಳೆಯುವುದೊಂದೇ ಕೆಲಸ.
ಪರದೆಯ ಹಿಂದೆ ಅವಳ ರಟ್ಟಿನ ಕಿವಿ
ನಾನೇ ಕಟ್ಟಿದ್ದೆ.

ಆಮೇಲೆ ಅವಳು ಆನೆಕಾಡಿನ ನರ್ಸರಿಗೆ ಸೇರಿದಳು.
ಬೀಟೆ, ಹೊನ್ನೆ, ನೇರಳೆ, ಕಪ್ಪು ತೊಟ್ಟೆಯ ಸಸಿಗಳಿಗೆ
ನೀರು ಹಾಕುವಾಗ ಒಂದೊಂದನ್ನೂ ಗದರುತ್ತಿದ್ದಳು
ತಂಗಿಯರನ್ನು ಗದರುವ ಹಾಗೆ.
ಆನೆ ಎಣಿಸಲು ಅವನು ಬಂದ.
ಜೀಪು, ದುರ್ಬೀನು, ಲದ್ದಿ ಅಳೆಯುವ ಟೇಪು.
ಮೂರು ದಿನದ ಎಣಿಕೆ ಮೂರು ತಿಂಗಳಾಯಿತು.
ಉಂಗುರ ಕೊಟ್ಟ. ವರ್ಗವಾಗಿ ಹೋದ.
ಅವನ ವರದಿಯಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು
ಎಲ್ಲ ಇತ್ತಂತೆ.

ತುಲಾ ಸಂಕ್ರಮಣದ ಮರುದಿನ ಬಿಂದಿಗೆ ತೊಳೆಯುವಾಗ
ಉಂಗುರ ಜಾರಿತು.
ಜಾರಿತು ಅಂದಳು. ನಾನು ಕೆದಕಲಿಲ್ಲ.
ಎರಡು ವರ್ಷ ದೋಣಿಕಟ್ಟೆಗೆ ಬಂದು ವಿಚಾರಿಸಿದಳು,
‘ಏನಾದ್ರೂ ಸಿಕ್ತಾ?’
‘ಇಲ್ಲಿ ಕೊಯ್ಯೋ ಹಾಗಿಲ್ಲ, ಚೋಂದವ್ವ.’
ಮೂರನೇ ವರ್ಷ ನಕ್ಕಳು:
‘ಆ ಕಾಲದಲ್ಲಿ ಮರೆಯೋಕೂ ಒಂದು ಶಾಪ ಬೇಕಿತ್ತು.
ಈಗ ಒಂದು ಆರ್ಡರ್ ಬಂದ್ರೆ ಸಾಕು.’
ನಗು ಮುಗಿದ ಮೇಲೂ ಬಹಳ ಹೊತ್ತು ಕೂತಿದ್ದಳು.
ನೀರೊಳಗೆ ಅವಳ ಕಾಲ್ಬೆರಳನ್ನು
ಮರಿಮೀನುಗಳು ಕಚ್ಚಿ ಕಚ್ಚಿ ನೋಡುತ್ತಿದ್ದವು.

ಈಗ ಅವಳ ಹೊನ್ನೆಗಳು ರಸ್ತೆಗೆ ನೆರಳು ಚೆಲ್ಲುತ್ತವೆ.
ಅವಳು ಹೊಳೆಯ ಕಡೆ ಬರುವುದಿಲ್ಲ.

ಮೊನ್ನೆ ಮಬ್ಬಿನಲ್ಲಿ ಒಂದು ಮೀನು ಬಂತು,
ತೋಳುದ್ದ, ಚಿನ್ನದ ಹುರುಪೆ.
ಕಣ್ಣಳತೆಗಿಂತ ತೂಕ ತುಸು ಜಾಸ್ತಿ.
ಮತ್ತೆ ತೂಗಿದೆ. ಅಷ್ಟೇ.
ಸೊಂಟದಲ್ಲಿ ಕತ್ತಿಯಿತ್ತು.
ದಡದಲ್ಲಿ ಯಾರೂ ಇರಲಿಲ್ಲ,
ಹೊಡೆಯುವವರಿಲ್ಲ, ರಾಜನೂ ಇಲ್ಲ.
ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಊರಿ
ಒಂದು ಗಳಿಗೆ ಹಾಗೇ ನಿಂತೆ.
ಎದೆಮಟ್ಟದ ನೀರು. ಹೊಳೆಗೂ ಒಂದು ಪಾತ್ರ ಇದೆಯಲ್ಲ,
ಅದರ ತಳ ಯಾರಿಗೆ ಗೊತ್ತು.

ತಲೆಯನ್ನು ಹರಿವಿಗೆದುರಾಗಿ ಹಿಡಿದೆ.
ಬಾಲ ಒಮ್ಮೆ ಅಂಗೈಗೆ ಬಡಿದು ಹೋಯಿತು.

ಪುಸ್ತಕದಲ್ಲಿ ಬರೆದೆ: ತೂಕ, ಹೊತ್ತು,
ಬಿಟ್ಟವನ ಸಹಿ.